ಎಳೆಯುವವರಿಲ್ಲದ ಸ್ಪೀಕರ್

ಪೆಸಿಫಿಕ್ ಸಾಗರದ ಒಂದು ದ್ವೀಪರಾಷ್ಟ್ರದಿಂದ ಓದಲು ಬಂದಿದ್ದ ನನ್ನ ಸಹಪಾಠಿ ಚಾಮರಾಜಪೇಟೆಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ. ಎಪ್ಪತ್ತರ ದಶಕದ ಕೊನೆಯ ಮಾತು. ವರ್ಷದೊಳಗೆ ಬಸ್ ಕಂಡಕ್ಟರ್ ಜೊತೆ ಜಗಳವಾಡುವಷ್ಟು ಕನ್ನಡ ಕಲಿತಿದ್ದ. ಊರಿಗೆ ಹೋಗಿ ಪಾರ್ಲಿಮೆಂಟಿನ ಸ್ಪೀಕರ್ ಆಗುತ್ತೇನೆ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ.

ಬಸವನಗುಡಿಯ ನಮ್ಮ ಕಾಲೇಜಿನಲ್ಲಿ ಅಣಕು ಸಂಸತ್ತು ನಡೆದಾಗ ಸ್ಪೀಕರ್ ಅವನೇ ಎಂದು ಎಲ್ಲರೂ ಒಪ್ಪಿದ್ದೆವು. ಹೆಸರು ಕೂಗಿದರು. ಎದ್ದವನು, "ನಂಗೆ ಬೇಡ, ನಾನು ಯೋಗ್ಯನಲ್ಲ" ಎಂದು ಮತ್ತೆ ಕೂತು ಬೆಂಚನ್ನು ಬಿಗಿಯಾಗಿ ಹಿಡಿದುಕೊಂಡ. ಪಾಪ, ಬಲವಂತ ಬೇಡ ಅಂದರು ಮೇಷ್ಟ್ರು. ಖಾಲಿ ಕುರ್ಚಿ ಕಂಡರೆ ನಾನು ಸುಮ್ಮನಿರುವವನೇ? ಹೋಗಿ ಕೂತೆ. ಇಡೀ ದಿನ ಗಂಟೆ ಬಾರಿಸಿ ವಿರೋಧ ಪಕ್ಷದ ಬಾಯಿ ಮುಚ್ಚಿಸಿದೆ. ಚೆನ್ನಾಗಿಯೇ ಮಾಡಿದೆ, ಅದರಲ್ಲಿ ಈಗಲೂ ಸಂಶಯವಿಲ್ಲ.

ಸಂಜೆ ನಡೆದು ಮನೆಗೆ ಬರುವಾಗ ವಿಶ್ವೇಶ್ವರಪುರದಲ್ಲಿ ಬಜ್ಜಿ ತಿನ್ನುತ್ತ ನಿಂತೆವು. ಅವನ ಕಣ್ಣು ತುಂಬಿತ್ತು. ಅವರ ಕಡೆ ಸ್ಪೀಕರ್ ಆಗಿ ಆಯ್ಕೆಯಾದವನು ಬೇಡ ಅನ್ನಬೇಕು, ಇಬ್ಬರು ಸದಸ್ಯರು ತೋಳು ಹಿಡಿದು ಎಳೆದೊಯ್ದು ಕುರ್ಚಿಯಲ್ಲಿ ಕೂರಿಸಬೇಕು. ಅದೇ ಪದ್ಧತಿಯಂತೆ.

"ನೀನಾದ್ರೂ ಎಳೀತೀಯ ಅಂದ್ಕೊಂಡಿದ್ದೆ. ಸ್ಪೀಕರ್ ಆದೆ ಅಂತ ಅಮ್ಮಂಗೆ ಆಗ್ಲೇ ಕಾಗ್ದ ಬರ್ದಿದೀನಿ" ಅಂದ.

ನಾನು ನಕ್ಕುಬಿಟ್ಟೆ. "ಅಳದೆ ಇದ್ರೆ ತಾಯೀನೂ ಹಾಲು ಕೊಡಲ್ಲ ಗುರು. ಬೇಕಿದ್ರೆ ಬೇಕು ಅನ್ಬೇಕು."

"ಹೋದ ತಿಂಗ್ಳು ನಿಮ್ಮಣ್ಣ ಛತ್ರಿ ಹಿಡ್ಕೊಂಡು, ಮದ್ವೆ ಬೇಡ, ಕಾಶಿಗೆ ಹೋಗ್ತೀನಿ ಅಂತ ಹೊರಟ್ರಲ್ಲ? ಅವ್ರನ್ನ ಯಾಕೆ ಹೋಗೋಕೆ ಬಿಡ್ಲಿಲ್ಲ?"

ಉಳಿದ ಬಜ್ಜಿಯನ್ನು ಅವನ ಕೈಗಿಟ್ಟು ಇಬ್ಬರ ದುಡ್ಡನ್ನೂ ನಾನೇ ಕೊಟ್ಟೆ.

ಪದವಿ ಮುಗಿಸಿ ಊರಿಗೆ ಹೋದ. ಮೊದಲ ಚುನಾವಣೆ ಸೋತ, ಎರಡನೆಯದರಲ್ಲಿ ಗೆದ್ದ, ಪಕ್ಷದವರ ಜೊತೆ ಮುನಿಸಿಕೊಂಡು ಹಿಂದಿನ ಸಾಲಿಗೆ ಬಿದ್ದ. ಎಲ್ಲವನ್ನೂ ಬರೆಯುತ್ತಿದ್ದ. ಎಂಬತ್ತರ ದಶಕದ ಕೊನೆಯಲ್ಲಿ ಬಂದ ಕಾಗದದಲ್ಲಿ ಸ್ಪೀಕರ್ ಆದ ಸುದ್ದಿಯಿತ್ತು. ಈ ಸಲವೂ ಬೇಡ ಅಂದನಂತೆ. ಆದರೆ ಹಿಂದಿನ ದಿನವೇ ಇಬ್ಬರು ಸದಸ್ಯರ ಮನೆಗೆ ಹೋಗಿ, ಗಟ್ಟಿಯಾಗಿ ಎಳೆಯಿರಪ್ಪ ಎಂದು ಕೈಮುಗಿದು ಬಂದಿದ್ದನಂತೆ. ಅವರು ಎಳೆದ ರಭಸಕ್ಕೆ ಕೋಟಿನ ತೋಳೇ ಹರಿಯಿತಂತೆ.

ಓದಿ ಖುಷಿಗೆ ಕಣ್ಣಲ್ಲಿ ನೀರು ಬಂತು. ಹೊಟ್ಟೆಕಿಚ್ಚೂ ಆಯಿತು. ಆ ಕೋಟು ಹರಿಯಬೇಕಿದ್ದದ್ದು ನನ್ನ ಕೈಯಲ್ಲಿ.