ಒಗೆಯುವುದು ಎಂದರೆ ಎಸೆಯುವುದು

ಶಿವಮೊಗ್ಗದ ಒಂದು ಖಾಸಗಿ ಕಾಲೇಜಿನಲ್ಲಿ ಇಂಗ್ಲಿಷ್ ಉಪನ್ಯಾಸಕಿ ಕೆಲಸಕ್ಕೆ ಡೆಮೊ ಕ್ಲಾಸ್ ಇತ್ತು. ಭದ್ರಾವತಿಯಿಂದ ಬಸ್ಸಿನಲ್ಲಿ ಹೋಗಿದ್ದೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಈ ಕೆಲಸ ಸಿಕ್ಕರೆ ಅಮ್ಮ ಕಾಲೊನಿಯ ಮನೆಗಳ ಬಟ್ಟೆ ಒಗೆಯುವುದನ್ನು ಬಿಡಬಹುದಿತ್ತು. ಒಳಗೆ ಹೋಗುವ ಮುಂಚೆಯೇ ಪ್ರಾಂಶುಪಾಲರು ಹೇಳಿದ್ದರು: ‘ಕ್ಲಾಸಲ್ಲಿ ಕನ್ನಡ ಬೇಡಮ್ಮ. ಪೂರ್ತಿ ಇಂಗ್ಲಿಷ್.’

ನನಗೆ ಕೊಟ್ಟ ಪಾಠ ‘ಥ್ರೋ’ ಎಂಬ ಒಂದೇ ಕ್ರಿಯಾಪದ. ಇಂಗ್ಲಿಷಿನವರು ಚೆಂಡನ್ನೂ ಎಸೆಯುತ್ತಾರೆ, ಪಾರ್ಟಿಯನ್ನೂ ಎಸೆಯುತ್ತಾರೆ, ಬೆಳಕನ್ನೂ ಎಸೆಯುತ್ತಾರೆ. ನಾವು ಬೆಳಕು ಚೆಲ್ಲುತ್ತೇವೆ, ಊಟ ಹಾಕಿಸುತ್ತೇವೆ. ಬೋರ್ಡಿನ ಮೇಲೆ ಪಾರ್ಟಿಯ ವಾಕ್ಯ ಬರೆದು ಅರ್ಥ ಕೇಳಿದೆ. ಹಾವೇರಿ ಕಡೆಯ ಹುಡುಗಿಯೊಬ್ಬಳು ಕೈ ಎತ್ತಿ ಎದ್ದು, ‘ಥ್ರೋ ಅಂದ್ರ ಒಗಿಯೂದ್ರೀ ಮೇಡಂ’ ಎಂದಳು.

‘ಪಾರ್ಟಿನ ಒಗಿಯೋದಾ? ಸೋಪ್ ಹಾಕಿನಾ, ಪೌಡರ್ ಹಾಕಿನಾ ಮಾರಾಯ್ತಿ?’ ಹಿಂದಿನಿಂದ ಒಬ್ಬ ಕೇಳಿದ.

ಕ್ಲಾಸೆಲ್ಲ ನಕ್ಕಿತು. ನಮ್ಮ ಕಡೆ ಒಗೆಯುವುದೆಂದರೆ ಬಟ್ಟೆ ಒಗೆಯುವುದು ಮಾತ್ರ. ಅವಳ ಕಡೆ ಎಸೆಯುವುದಕ್ಕೂ ಅದೇ ಮಾತು. ಹುಡುಗಿ ತಲೆ ತಗ್ಗಿಸಿ ಕೂತಳು. ಇನ್ನು ಇವಳು ವರ್ಷವಿಡೀ ಬಾಯಿ ಬಿಡುವುದಿಲ್ಲ ಎಂದುಕೊಂಡೆ. ಕನ್ನಡ ಮೀಡಿಯಂನಿಂದ ಬಂದ ನನಗೆ ಅಂಥ ನಗು ಹೊಸದಲ್ಲ.

ಪ್ರಾಂಶುಪಾಲರು ಕೊನೆಯ ಬೆಂಚಿನಲ್ಲೇ ಇದ್ದರು. ಆದರೂ ಕನ್ನಡದಲ್ಲೇ ಹೇಳಿದೆ: ‘ಅವಳು ಹೇಳಿದ್ದು ಸರಿ ಕಣೋ. ನಮ್ಮಮ್ಮ ಕಂಡೋರ ಬಟ್ಟೆ ಒಗೆದೇ ನನ್ನ ಓದಿಸಿದ್ದು. ಬಟ್ಟೆನ ಎತ್ತಿ ಕಲ್ಲಿಗೆ ಎಸೀದೆ ಹೆಂಗೆ ಒಗೀತೀಯ? ನಿಮ್ಮನೇಲಿ ಮಷಿನ್ ಇರ್ಬೇಕು, ಪಾಪ.’

ಈಗ ನಗು ಅವನ ಕಡೆ ತಿರುಗಿತು. ಅವನೂ ನಕ್ಕ. ಹುಡುಗಿ ಮತ್ತೆ ಕೈ ಎತ್ತಿದಳು. ‘ಹಂಗಾರ ಥ್ರೋ ಅಪ್ ಅಂದ್ರ ಮ್ಯಾಲಕ್ಕ ಒಗಿಯೂದೇನ್ರೀ?’

‘ಅಲ್ಲ, ಅದು ವಾಂತಿ.’

ಆಮೇಲೆ ಪ್ರಾಂಶುಪಾಲರು ವರಾಂಡದಲ್ಲಿ, ‘ಕನ್ನಡ ಬೇಡ ಅಂದಿದ್ನಲ್ಲಮ್ಮ’ ಎಂದರು.

‘ಹೌದು ಸರ್. ಆ ಹುಡುಗಿ ತಿರುಗಿ ಕೈ ಎತ್ತಿದ್ದು ನೋಡಿದ್ರಲ್ಲ.’

‘ಫೋನ್ ಮಾಡಿ ತಿಳಿಸ್ತೀವಿ’ ಎಂದು ಅವರು ತಮ್ಮ ರೂಮಿಗೆ ಹೋದರು. ಮನೆಗೆ ಬಂದಾಗ ಅಮ್ಮ ಕಲ್ಲಿನ ಮುಂದೆಯೇ ಇದ್ದಳು.

‘ಏನಾಯ್ತೇ?’

‘ಕೈಗೆ ಬಂದಿದ್ದನ್ನ ಒಗೆದು ಬಂದೆ ಅನ್ಸುತ್ತೆ.’

‘ಒಗೆದ್ರೆ ಹಾಳಾಗಲ್ಲ ಬಿಡು,’ ಎಂದು ಅಮ್ಮ ಸೀರೆ ಹಿಂಡಿದಳು.

ಸೋಮವಾರ ಕಾಲೇಜಿನಿಂದ ಫೋನ್ ಬಂತು. ಕನ್ನಡ ಸ್ವಲ್ಪ ಕಡಿಮೆ ಮಾಡಿ ಎಂದು ಹೇಳಿಯೇ ಕೆಲಸ ಕೊಟ್ಟರು. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು, ನಾಳೆಯಿಂದ ಬರುವುದಿಲ್ಲ ಎಂದು ಕಾಲೊನಿಯ ಮನೆಗಳಿಗೆ ಹೇಳಿ ಬರಲು ಹೊರಟಳು.