ಒಡ್ಡಿನ ಬುಡದ ಕೆಂಪು ನೀರು

1993ರ ಮಳೆಗಾಲದಲ್ಲಿ ನಾನು ಗೋವಾದಲ್ಲಿ ಪರಿಸರ ಎಂಜಿನಿಯರ್ ಆಗಿದ್ದೆ. ಕಚೇರಿ ಪಣಜಿಯಲ್ಲಿ. ಡಿಚೋಲಿ ಸುತ್ತಲಿನ ಅದಿರು ಗಣಿಗಳಿಂದ ಹೊರಬೀಳುವ ನೀರು ಮತ್ತು ಕೆಸರಿನ ತಪಾಸಣೆ ನನ್ನ ಪಾಲಿನ ಕೆಲಸ. ಅದೇ ಜುಲೈ ತಿಂಗಳಲ್ಲಿ ನಮ್ಮ ಎಂಜಿನಿಯರುಗಳ ಸಂಘದ ಅಧ್ಯಕ್ಷ ಸ್ಥಾನಕ್ಕೆ ನಾಮಪತ್ರ ಸಲ್ಲಿಸಿದ್ದೆ. ಅಲ್ಲಿಯವರೆಗೆ ಆ ಕುರ್ಚಿಯಲ್ಲಿ ಹೆಂಗಸು ಕೂತಿರಲಿಲ್ಲ. ಸಂಘದ ಸಭೆಗಳಲ್ಲಿ ಪರಿಸರದ ಮಾತು ಬಂದ ಕೂಡಲೇ ಚಹಾಕ್ಕೆಂದು ಎದ್ದು ಹೋಗುವವರೇ ಹೆಚ್ಚು. ಅಧ್ಯಕ್ಷಳಾದರೆ ಅವರನ್ನು ಕೂರಿಸಿ ಕೇಳಿಸಬಹುದು ಎಂಬುದು ನನ್ನ ಲೆಕ್ಕ. ಕುರ್ಚಿಯ ಆಸೆಯೇ ಇರಲಿಲ್ಲ ಎಂದರೆ ಅದೂ ಸುಳ್ಳು.

ನನ್ನ ಹೆಸರನ್ನು ಸೂಚಿಸಿದವರು ಕಾಮತ್ ಸರ್. ಕಾರವಾರದ ಕಡೆಯವರು, ನನಗಿಂತ ಇಪ್ಪತ್ತು ವರ್ಷ ಹಿರಿಯರು, ಗಣಿಗಳಿಗೆ ಒಡ್ಡು ಕಟ್ಟುವ ವಿನ್ಯಾಸದಲ್ಲಿ ದೊಡ್ಡ ಹೆಸರು. ಗಣಿಗಳಲ್ಲಿದ್ದ ಸದಸ್ಯರು ಅವರು ಹೇಳಿದವರಿಗೆ ಮತ ಹಾಕುತ್ತಿದ್ದರು. ಆ ಮತಗಳಿಲ್ಲದೆ ನಾನು ಗೆಲ್ಲುವುದು ಸಾಧ್ಯವಿರಲಿಲ್ಲ.

ಚುನಾವಣೆ ಭಾನುವಾರ ಇತ್ತು. ಅದಕ್ಕೆ ಮೂರು ದಿನ ಮುಂಚೆ, ಗುರುವಾರ ಮಧ್ಯಾಹ್ನ, ಡಿಚೋಲಿಯ ಆಚೆಗಿನ ಒಂದು ಗಣಿಗೆ ಮಾಮೂಲಿ ತಪಾಸಣೆಗೆ ಹೋದೆ. ಅದಿರು ತೊಳೆದ ಮೇಲೆ ಉಳಿಯುವ ನುಣ್ಣನೆಯ ಕೆಸರನ್ನು ಗುಡ್ಡದ ಮಡಿಲಲ್ಲಿ ಮಣ್ಣಿನ ಒಡ್ಡು ಹಾಕಿ ನಿಲ್ಲಿಸುತ್ತಾರೆ. ಆ ಕೆಸರಿನ ಕೊಳಕ್ಕೆ ಟೇಲಿಂಗ್ಸ್ ಪಾಂಡ್ ಎನ್ನುತ್ತಾರೆ. ಆ ಒಡ್ಡಿನ ಕೆಳಗೆ ಹಳ್ಳ, ಹಳ್ಳದ ದಂಡೆಯಲ್ಲಿ ಹದಿನೇಳು ತಗಡಿನ ಮನೆಗಳು. ಎಲ್ಲ ವಿಜಾಪುರ, ಬಾಗಲಕೋಟೆ ಕಡೆಯಿಂದ ಬಂದ ಕೂಲಿಯವರು.

ಹಳ್ಳದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ನನ್ನ ಮಾತಿನಿಂದಲೇ ಧಾರವಾಡದವಳೆಂದು ಗುರುತು ಹಿಡಿದಳು. ಹೆಸರು ಯಲ್ಲವ್ವ.

“ಅಕ್ಕಾರ, ಮಳಿ ನಿಂತು ಎರಡ ದಿನಾ ಆತ್ರಿ. ಮ್ಯಾಲಿನ ಹಳ್ಳ ತಿಳಿ ಆಗೇತಿ. ಈ ಒಡ್ಡಿನ ಬುಡದಾಗಿಂದ ಬರೂ ನೀರು ಮಾತ್ರ ಇನ್ನೂ ಕೆಂಪಗ ಬರಾಕತ್ತೈತಿ. ಕೊಡದ ತಳಕ್ಕ ಮಣ್ಣು ಕೂಡತೈತ್ರಿ.”

ಹೋಗಿ ನೋಡಿದೆ. ಒಡ್ಡಿನ ಬುಡದಲ್ಲಿ ಬೆರಳು ತೂರುವಷ್ಟು ತೂತು, ಅದರಿಂದ ನೀರು ಜಿನುಗುತ್ತಿತ್ತು. ಮಣ್ಣಿನ ಒಡ್ಡು ಸ್ವಲ್ಪ ಜಿನುಗುವುದು ಸಹಜ. ತಿಳಿನೀರು ಬಂದರೆ ಭಯವಿಲ್ಲ. ಕೆಂಪಾಗಿ ಬಂದರೆ ಒಡ್ಡಿನ ಒಳಗಿನ ಮಣ್ಣು ಕೊಚ್ಚಿಕೊಂಡು ಬರುತ್ತಿದೆ ಎಂದರ್ಥ. ಒಳಗೆ ಸುರಂಗ ಬೆಳೆಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಇದನ್ನು ಪೈಪಿಂಗ್ ಎನ್ನುತ್ತಾರೆ. ಗಾಜಿನ ಬಾಟಲಿಯಲ್ಲಿ ನೀರು ತುಂಬಿಕೊಂಡು ಪಣಜಿಗೆ ಮರಳಿದೆ.

ಆ ಒಡ್ಡಿನ ವಿನ್ಯಾಸ ಕಾಮತ್ ಸರ್ ಅವರದು. ಸಂಜೆ ಅವರ ಮನೆಗೆ ಹೋಗಿ ಬಾಟಲಿ ತೋರಿಸಿದೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

“ಮಳೆಗಾಲದಲ್ಲಿ ಗೋವಾದ ಯಾವ ನೀರು ಕೆಂಪಿರುವುದಿಲ್ಲ, ಶಾರದಾ? ನೀನು ಈಗ ಕಾಗದದ ಮೇಲೆ ಬರೆದರೆ ಭಾನುವಾರ ಎಲ್ಲರ ಬಾಯಲ್ಲಿ ಇದೇ ಮಾತು ಇರುತ್ತದೆ. ಸೋಮವಾರ ನಾವಿಬ್ಬರೂ ಹೋಗಿ ನೋಡೋಣ.”

ಅವರ ದನಿಯಲ್ಲಿ ಬೆದರಿಕೆ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು “ಆಗಲಿ ಸರ್” ಎಂದೆ.

ಶುಕ್ರವಾರ ಇಡೀ ದಿನ ಆ ಬಾಟಲಿ ನನ್ನ ಮೇಜಿನ ಮೇಲಿತ್ತು. ತಳದಲ್ಲಿ ಹೆಬ್ಬೆರಳು ದಪ್ಪದ ಮಣ್ಣು ಕೂತಿತ್ತು. ಅದನ್ನು ಪಕ್ಕಕ್ಕೆ ಸರಿಸಿ ಭಾಷಣ ತಿದ್ದಿದೆ, ನಾಲ್ಕಾರು ಸದಸ್ಯರಿಗೆ ಫೋನ್ ಮಾಡಿ ಮತ ಕೇಳಿದೆ. ಸಂಜೆ ಜೋರು ಮಳೆ ಹಿಡಿಯಿತು. ಭಾಷಣದ ಹಾಳೆಯಲ್ಲಿ ಒಂದು ಸಾಲೂ ಮುಂದೆ ಹೋಗಲಿಲ್ಲ.

ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಡಿಚೋಲಿಗೆ ಹೋದೆ. ಬೆರಳಿನ ತೂತು ಈಗ ಮುಷ್ಟಿ ಗಾತ್ರವಾಗಿತ್ತು. ಅದರ ಬಾಯಿಯ ಸುತ್ತ ಮಣ್ಣು ಗೋಪುರದಂತೆ ಗುಡ್ಡೆ ಬಿದ್ದಿತ್ತು. ಗಣಿಯ ಇಬ್ಬರು ಆಳುಗಳು ಜೇಡಿಮಣ್ಣಿನ ಬುಟ್ಟಿ ಹಿಡಿದು ತೂತು ಮುಚ್ಚಲು ನಿಂತಿದ್ದರು.

“ಮುಚ್ಚಬ್ಯಾಡ್ರಿ,” ಎಂದೆ. “ಇಲ್ಲಿ ಮುಚ್ಚಿದ್ರ ಇನ್ನೊಂದು ಕಡೆ ಒಡಕೊಂಡು ಬರತೈತಿ. ಮೊದಲ ಉಸುಕು, ಅದರ ಮ್ಯಾಲೆ ಜಲ್ಲಿ ಹಾಕ್ರಿ. ನೀರು ಹೋಗಲಿ, ಮಣ್ಣು ನಿಲ್ಲಬೇಕು.”

ಗಣಿಯ ಮ್ಯಾನೇಜರು ಮೊದಲು ಒಪ್ಪಲಿಲ್ಲ. ಕಾಮತ್ ಸಾಹೇಬರು ಫೋನ್ ಮಾಡಿದ್ದರು, ಸೋಮವಾರ ಬರುತ್ತಾರಲ್ಲ ಎಂದರು. ಅವರ ಮೇಜಿನ ಮೇಲಿದ್ದ ಕಾಗದ ಎಳೆದುಕೊಂಡು ವರದಿ ಬರೆದೆ: ಕೊಳದ ನೀರನ್ನು ಕೂಡಲೇ ಪಂಪು ಹಚ್ಚಿ ಇಳಿಸಬೇಕು, ಕೆಳಗಿನ ಮನೆಗಳನ್ನು ಖಾಲಿ ಮಾಡಿಸಬೇಕು. ಸಹಿ ಹಾಕಿ, ಒಂದು ಪ್ರತಿಯನ್ನು ಅವರ ಮುಂದಿಟ್ಟೆ. “ಪಡೆದ ವೇಳೆ ಬರೆದು ನೀವೂ ಸಹಿ ಮಾಡಿ,” ಎಂದೆ. ಅವರು ಪೆನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟರು. ಸಹಿ ಮಾಡಲಿಲ್ಲ, ಆದರೆ ಉಸುಕು, ಜಲ್ಲಿ ಹಾಕಿಸಿ ಪಂಪು ಹಚ್ಚಲು ಹೇಳಿದರು. ನನಗೆ ಅಷ್ಟೇ ಬೇಕಾಗಿತ್ತು.

ಮನೆ ಖಾಲಿ ಮಾಡಿಸುವುದು ಅದಕ್ಕಿಂತ ಕಷ್ಟವಾಯಿತು. ಯಲ್ಲವ್ವನ ಗಂಡ ಭೀಮಪ್ಪ ಬಾಗಿಲಲ್ಲೇ ನಿಂತ.

“ಇಂಥಾ ಮಳ್ಯಾಗ ಕೂಸು ಕುನ್ನಿ ಕಟಗೊಂಡು ಎಲ್ಲಿ ಹೋಗೂಣ್ರಿ? ಖರೇನ ಒಡಿತೈತೇನ್ರಿ ಅದು?”

“ಗೊತ್ತಿಲ್ಲ ಭೀಮಪ್ಪ. ಒಡಿಯೂದಿಲ್ಲ ಅಂತ ಹೇಳೂ ಧೈರ್ಯ ನನಗಿಲ್ಲ.”

ಅವನು ಹೆಂಡತಿಯ ಮುಖ ನೋಡಿದ. ಯಲ್ಲವ್ವ ಆಗಲೇ ಹಾಸಿಗೆ ಸುತ್ತುತ್ತಿದ್ದಳು. ಅವಳು ಹೊರಟ ಮೇಲೆ ಉಳಿದವರೂ ಹೊರಟರು. ಕತ್ತಲಾಗುವ ಮುಂಚೆ ಹದಿನೇಳು ಮನೆಯವರೂ ಗುಡ್ಡದ ಮೇಲಿನ ಶಾಲೆ ಸೇರಿದರು.

ಭಾನುವಾರ ನಾನು ಪಣಜಿಗೆ ಹೋಗಲಿಲ್ಲ. ಅಲ್ಲಿ ಅಭ್ಯರ್ಥಿಗಳು ಭಾಷಣ ಮಾಡುತ್ತಿದ್ದಾಗ ನಾನು ಒಡ್ಡಿನ ಬುಡದಲ್ಲಿ ಕೊಡೆ ಹಿಡಿದು ನಿಂತು, ಗಂಟೆಗೊಮ್ಮೆ ಬಾಟಲಿ ತುಂಬಿ ನೋಡುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ನೀರಿನ ಕೆಂಪು ತುಸು ಕಡಿಮೆಯಾದಂತೆ ಕಂಡಿತು. ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಸೋಮವಾರ ಬೆಳಿಗ್ಗೆ ನೀರು ತಿಳಿಯಾಗಿತ್ತು. ಬರುತ್ತೇನೆಂದಿದ್ದ ಕಾಮತ್ ಸರ್ ಬರಲಿಲ್ಲ.

ಒಡ್ಡು ಒಡೆಯಲಿಲ್ಲ. ಚುನಾವಣೆಯಲ್ಲಿ ನಾನು ಸೋತೆ. ಸುಮ್ಮನೆ ಗಾಬರಿ ಎಬ್ಬಿಸಿದಳು ಎಂಬ ಮಾತು ಪಣಜಿಯಿಂದ ವಾಸ್ಕೋವರೆಗೆ ಹರಡಿತು. ಕಾಮತ್ ಸರ್ ಎದುರಿಗೆ ಸಿಕ್ಕಾಗ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಅದಕ್ಕಿಂತ ನೋವಿನ ಸಂಗತಿ ಎಂದರೆ, ನಾನು ಹೇಳಿದ್ದು ಸರಿಯೋ ತಪ್ಪೋ ಎಂದು ನನಗೂ ಖಚಿತವಿರಲಿಲ್ಲ.

ಡಿಸೆಂಬರಿನಲ್ಲಿ ಕೊಳ ಒಣಗಿದ ಮೇಲೆ ದುರಸ್ತಿಗೆಂದು ಒಡ್ಡನ್ನು ಅಗೆದರು. ಕಾಮತ್ ಸರ್ ತಾವೇ ಫೋನ್ ಮಾಡಿ ಕರೆದರು. ಒಡ್ಡಿನ ನಟ್ಟನಡುವೆ ಒಬ್ಬ ಆಳು ಕುಕ್ಕರುಗಾಲಲ್ಲಿ ಕೂರುವಷ್ಟು ದೊಡ್ಡ ಪೊಳ್ಳು ಇತ್ತು. ಅವರು ಅದರೊಳಗೆ ಕೈಯಿಟ್ಟು ಮಣ್ಣು ಕೆರೆದು ನೋಡಿದರು.

“ಒಡ್ಡು ಕಟ್ಟುವಾಗ ಮಣ್ಣು ತಡೆಯಲು ಒಳಗೆ ಹಾಕಿಸಿದ ಉಸುಕಿನ ಪದರ ಸಾಲದಾಗಿತ್ತು. ನನ್ನ ತಪ್ಪು,” ಎಂದರು.

ಸಂಘದ ಮುಂದಿನ ಸಭೆಯಲ್ಲಿ ಅವರೇ ಎದ್ದು ನಿಂತು ಎಲ್ಲವನ್ನೂ ಹೇಳಿದರು. ನನ್ನ ಹೆಸರು ಬಂದಾಗ ಚಪ್ಪಾಳೆ ಬಿತ್ತು. ಆ ಚಪ್ಪಾಳೆಯನ್ನು ಕೂತು ಕೇಳಲು ನನ್ನಿಂದಾಗಲಿಲ್ಲ. ಎದ್ದು ಹೇಳಿದೆ: “ನಾನು ನೋಡಿದ್ದು ಗುರುವಾರ. ಬರೆದದ್ದು ಶನಿವಾರ. ನಡುವಿನ ಶುಕ್ರವಾರ ನಾನು ನಿಮ್ಮ ಮತ ಕೇಳುತ್ತಿದ್ದೆ.” ಹಿರಿಯ ಸದಸ್ಯರೊಬ್ಬರು ಆಮೇಲೆ ಪಕ್ಕಕ್ಕೆ ಕರೆದು, “ಇದನ್ನು ಯಾರೂ ಕೇಳಿರಲಿಲ್ಲವಲ್ಲಮ್ಮ,” ಎಂದರು.

ಎರಡು ವರ್ಷದ ನಂತರ ಮತ್ತೆ ಸ್ಪರ್ಧಿಸಿದೆ, ಅಲ್ಪ ಅಂತರದಲ್ಲಿ ಗೆದ್ದೆ. ಮೊದಲ ತಿಂಗಳಲ್ಲೇ ಸದಸ್ಯರಿಗಾಗಿ ತಪಾಸಣಾ ವರದಿಯ ಒಂದು ಮಾದರಿ ಸಿದ್ಧಪಡಿಸಿದೆವು. ಅದರ ತಲೆಯಲ್ಲಿ ಎರಡು ಖಾನೆ ಹಾಕಿಸಿದೆ: ಕಂಡ ದಿನ ಮತ್ತು ವೇಳೆ, ತಿಳಿಸಿದ ದಿನ ಮತ್ತು ವೇಳೆ. ನೀರು, ಮಣ್ಣುಗಳ ಪರೀಕ್ಷೆಯನ್ನು ಕಾಲೇಜು ಕಲಿಸಿತ್ತು. ಆ ಎರಡು ವೇಳೆಗಳ ನಡುವೆ ಎಂಜಿನಿಯರ್ ಏನು ಮಾಡುತ್ತಿರುತ್ತಾನೆ ಎಂದು ಕೇಳುವುದನ್ನು ನನಗೆ ಕಲಿಸಿದ್ದು ಆ ಶುಕ್ರವಾರ.