ಗೌರಜ್ಜಿಯನ್ನು ಮಂತ್ರಿ ಎನ್ನುತ್ತಿದ್ದರು

ಇವತ್ತು ನಾನು ಪಾಠ ಮಾಡುವ ಕಾಲೇಜಿನಲ್ಲಿ ನನಗೆ ‘ಮೆಂಟರ್’ ಎಂಬ ಬ್ಯಾಡ್ಜ್ ಕೊಟ್ಟರು. ನಂಬಿಕಸ್ಥ ಸಲಹೆಗಾರರು ಎಂದರ್ಥವಂತೆ. ದಣಿದು ಚಳ್ಳಕೆರೆ ಬಸ್‌ಸ್ಟ್ಯಾಂಡಿಗೆ ಬಂದರೆ ಹುರಿದ ಶೇಂಗಾದ ವಾಸನೆ. ನನ್ನ ತವರೂರು ತಳಕಿನ ಗೌರಜ್ಜಿ ನೆನಪಾದರು.

ಪಕ್ಕದ ಮನೆಯ ಆ ಅಜ್ಜಿಯನ್ನು ಓಣಿಯವರೆಲ್ಲ ಮಂತ್ರಿ ಎನ್ನುತ್ತಿದ್ದರು. ಅಜ್ಜಿ ಶೇಂಗಾ ಸುಲಿಯುತ್ತಲೇ ಎಲ್ಲರ ಕಷ್ಟ ಕೇಳುತ್ತಿದ್ದರು. ಅಕ್ಕನನ್ನು ಅತ್ತೆಯ ಮಗನಿಗೇ ಕೊಡಬೇಕೆಂದು ಅಪ್ಪ ಹಟ ಹಿಡಿದಾಗ, ಅವ್ವ ನನ್ನನ್ನೂ ಕರೆದುಕೊಂಡು ಅಲ್ಲಿಗೆ ಹೋದಳು.

“ಏನ್ ಮಾಡ್ಲಿ ಹೇಳ್ರಿ.”

“ಹುಡುಗೀನ ಕೇಳಿದ್ಯಾ?” ಎಂದರು ಅಜ್ಜಿ.

ಅವ್ವ ಕೇಳಿರಲಿಲ್ಲ. ಮನೆಗೆ ಬಂದು ಕೇಳಿದಳು. ಅಕ್ಕ ಅಳುತ್ತಾ ಒಲ್ಲೆ ಎಂದಳು. ಅವ್ವ ಪಟ್ಟು ಬಿಡಲಿಲ್ಲ, ಮದುವೆ ನಿಂತಿತು.

ಅಪ್ಪ ಸಿಟ್ಟಿನಿಂದ ಅಜ್ಜಿಯ ಬಳಿ ಹೋಗಿ, “ನನ್ ಹೆಂಡ್ತಿ ನಿಮ್ಮತ್ರ ಬಂದಿದ್ಲಾ?” ಎಂದ.

“ನೀನ್ ಬಂದಿದ್ದನ್ನ ಯಾರಿಗಾದ್ರೂ ಹೇಳಿದೀನೇನಪ್ಪ?”

ಅಪ್ಪ ತಲೆ ತಗ್ಗಿಸಿ ವಾಪಸಾದ.

ಮಂತ್ರಿ ಅಂದರೇನೆಂದು ಮೇಷ್ಟ್ರನ್ನು ಕೇಳಿದೆ. “ಮಂತ್ರ ಅಂದ್ರೆ ಗುಟ್ಟಾಗಿ ಮಾಡೋ ಆಲೋಚನೆ ಅಂತಾನೂ ಅರ್ಥ ಐತೆ. ಅದ್ರಿಂದ್ಲೇ ಮಂತ್ರಿ” ಎಂದರು.

ಇವತ್ತು ಸಂಜೆ ನಾನು ಕಾಲೇಜಿನಿಂದ ಹೊರಡುವ ಮೊದಲು ಹುಡುಗಿಯೊಬ್ಬಳು ನನ್ನೆದುರು ಒಂದು ತಾಸು ಅತ್ತು, “ಯಾರಿಗೂ ಹೇಳ್ಬೇಡ್ರಿ ಮೇಡಂ” ಎಂದಳು. ಮನೆಗೆ ಬಂದಾಗ ಯಜಮಾನರು ಕೇಳಿದರು, “ಯಾಕಿಷ್ಟು ಸುಸ್ತಾಗಿದೀಯ?”

“ಬಸ್ ರಶ್ ಇತ್ತು” ಎಂದೆ.